ಚೆಕ್ಕುಬಂದಿ

ಕೋರ್ಟು ಕಟ್ಟಡದ ನೆಲಮಾಳಿಗೆ. ಪೆನ್ನು ಒಳಗೆ ಬಿಡುವುದಿಲ್ಲ,
ಪೆನ್ಸಿಲ್ ಮಾತ್ರ.
ಗುಮಾಸ್ತೆ ಆರ್ಲೀನಾ ಉಯಿಲುಗಳ ಮೂರನೆಯ ಸಂಪುಟವನ್ನು
ಒಲೆಯಿಂದ ಇಳಿಸಿದ ಪಾತ್ರೆಯಂತೆ ಮೈಯಿಂದ ದೂರ ಹಿಡಿದು ತರುತ್ತಾಳೆ.
ಕೆಂಪು ತೊಗಲು ಪುಡಿಯಾಗಿದೆ, ಬಟ್ಟೆಗೆ ಹತ್ತಿದರೆ ಹೋಗುವುದಿಲ್ಲ.

ವರ್ಜೀನಿಯಾದ ಈ ಜಿಲ್ಲೆಯಲ್ಲಿ ನಲವತ್ತು ವರ್ಷ
ಕಂಡವರ ಜಮೀನು ಅಳೆದವನು ನಾನು.
ಬೇಲಿ ಜಗಳದಲ್ಲಿ ಎರಡೂ ಕಡೆಯ ಬೈಗುಳ ತಿಂದವನು.
ನದಿಯ ಮೂಲ ಕೇಳಬಾರದು ಅನ್ನುತ್ತಾರೆ.
ಮಂಡಿ ಸವೆದು ಮನೆಯಲ್ಲಿ ಕೂತ ಮೇಲೆ
ಕೇಳದೆ ಇನ್ನೇನು ಮಾಡಲಿ?

ಸಾವಿರದ ಏಳುನೂರ ನಲವತ್ತೊಂದು.
ಆಂಬ್ರೋಸ್ ಟ್ರಸ್ಲರ್ ಆದ ನಾನು
ದೇಹದಲ್ಲಿ ಕ್ಷೀಣನಾಗಿ, ಚಿತ್ತದಲ್ಲಿ ಸ್ವಸ್ಥನಾಗಿ
ಬರೆಸಿಟ್ಟ ಮರಣಶಾಸನ ಏನೆಂದರೆ:
ಹೆಂಡತಿಗೆ ಗರಿಯ ಹಾಸಿಗೆ, ಅವಳು ವಿಧವೆಯಾಗಿ ಇರುವತನಕ.
ಹಿರಿಮಗನಿಗೆ ಹೊಳೆಯಂಚಿನ ತಂಬಾಕಿನ ನೆಲ.
ಕಿರಿಮಗನಿಗೆ ಕೊಂಬು ಮುರಿದ ಹಸು, ಅದರ ಹೆಚ್ಚುವರಿ;
ಜೂಬಾ ಎಂಬ ಹೆಂಗಸು, ಅವಳ ಹೆಚ್ಚುವರಿ,
ಪುತ್ರಪೌತ್ರ ಪಾರಂಪರ್ಯವಾಗಿ, ಆಚಂದ್ರಾರ್ಕ.
ಮಗಳು ಕೆಜಾಯಾಗೆ ಒಂದು ಶಿಲಿಂಗು.

ನಾನು ಕೆಜಾಯಾಳ ಕವಲು.
ಆ ಒಂದು ಶಿಲಿಂಗಿನ ಮೊಮ್ಮಗನ ಮೊಮ್ಮಗನ ಮೊಮ್ಮಗ.
ಹನ್ನೊಂದು ವರ್ಷದಿಂದ ಅದೇ ಸಾಲು ಓದುತ್ತಿದ್ದೇನೆ:
ಯಾಕೆ ಒಂದೇ ಶಿಲಿಂಗು? ಯಾರೊಡನೆ ಓಡಿದಳು?
ಅಪ್ಪನ ಮಾತಿಗೆ ಎದುರು ಏನಂದಳು?
ಮೇಲಿನ ಸಾಲನ್ನು ಓದಿರಲಿಲ್ಲವೆಂದಲ್ಲ.
ಓದಿದ್ದೆ. ಹಸುವಿಗೂ ಹೆಂಗಸಿಗೂ ಒಂದೇ ಪದ ಹಾಕಿದ್ದಾನೆ ಗುಮಾಸ್ತ
ಎಂದುಕೊಂಡು ಪುಟ ಮಗುಚಿದ್ದೆ.

ಮಾರ್ಚಿಯ ಒಂದು ಗುರುವಾರ
ಎದುರು ಮೇಜಿನ ಹೆಂಗಸು ಎದ್ದು ಬಂದಳು.
ವರ್ಲೀನ್ ಗ್ಯಾಸ್ಕಿನ್ಸ್, ನಿವೃತ್ತ ದಾದಿ.
"ಇನ್ನೂ ಎಷ್ಟು ಹೊತ್ತು ಬೇಕು ನಿಮಗೆ ಆ ಪುಟ?"
ಸಂಪುಟ ಅವಳ ಕಡೆ ತಿರುಗಿಸಿದೆ.
ಅವಳ ಬೆರಳು ಹೋಗಿ ನಿಂತಿದ್ದು
ನನ್ನ ಸಾಲಿನಿಂದ ಅರ್ಧ ಅಂಗುಲ ಮೇಲೆ.

ಅವಳೂ ಕೂಗಲಿಲ್ಲ, ನಾನೂ ಕ್ಷಮೆ ಕೇಳಲಿಲ್ಲ.
ಮುಟ್ಟಿದರೆ ಪುಡಿಯಾಗುವ ಕಾಗದದ ಮೇಲೆ
ಅಷ್ಟು ದೊಡ್ಡ ಮಾತು ಇಡುವುದು ಹೇಗೆ?
"ಜಮೀನಿನ ಪತ್ರ ಓದಲು ಬರುತ್ತದಾ?" ಎಂದಳು.
ಬರುವುದು ಅದೊಂದೇ, ಎಂದೆ.

ಪಕ್ಕದವನೊಬ್ಬನ ಕ್ರಯಪತ್ರ, ಅರವತ್ತಮೂರನೆಯ ಇಸವಿ.
ಟ್ರಸ್ಲರ್ ಹೆಸರಿಲ್ಲ, ಸೂಚಿಯಲ್ಲಿ ಸಿಗುವುದಿಲ್ಲ.
ಚೆಕ್ಕುಬಂದಿ ಮಾತ್ರ ಹೇಳುತ್ತದೆ:
ಮೂರು ಕಚ್ಚು ಹಾಕಿದ ಬಿಳಿ ಓಕ್ ಮರದಿಂದ ಹೊರಟು
ಹಳ್ಳದ ತಿರುವುಗಳ ಪ್ರಕಾರ
ಕೆಜಾಯಾಳ ಮೂಲೆಯ ಚೆಸ್ಟ್‌ನಟ್ ಮರಕ್ಕೆ,
ಅಲ್ಲಿಂದ ಕಾಲುದಾರಿ ಹಿಡಿದು, ಹದಿನೇಳು ಪೋಲ್,
ಜೂಬಾಳ ಒರತೆಗೆ.

ಇಬ್ಬರ ಹೆಸರಿಗೂ ಒಂದು ಗೇಣು ನೆಲ ಬರೆದ ಪತ್ರವಿಲ್ಲ.
ಕಂಡವನ ಹೊಲ ಎಲ್ಲಿ ಮುಗಿಯುತ್ತದೆಂದು ಹೇಳಲು
ಊರಿಗೆ ಅವರ ಹೆಸರು ಬೇಕಾಗಿತ್ತು.

ಹೋದೆವು. ನನ್ನ ಹಳೆಯ ಸರಪಳಿ, ಅವಳ ಮಳೆಬೂಟು.
ದಿಕ್ಸೂಚಿಯ ಉತ್ತರ ಈ ಇನ್ನೂರೈವತ್ತು ವರ್ಷದಲ್ಲಿ
ಎಂಟೊಂಬತ್ತು ಡಿಗ್ರಿ ವಾಲಿದೆ, ಲೆಕ್ಕ ತಿದ್ದಿಕೊಳ್ಳಬೇಕು ಎಂದೆ.
"ಉತ್ತರವೂ ನಿಂತಲ್ಲಿ ನಿಲ್ಲಲಿಲ್ಲವಾ," ಎಂದಳು, ನಗದೆ.
ಓಕ್ ಇಲ್ಲ. ಚೆಸ್ಟ್‌ನಟ್‌ನ ಕುಲವೇ ರೋಗ ಬಂದು ಅಳಿದಿದೆ.
ಸೋಯಾ ಹೊಲದ ನಡುವೆ ಟ್ರ್ಯಾಕ್ಟರ್ ಬಳಸಿಕೊಂಡು ಹೋದ ಒಂದು ಜಾಗ,
ಜೊಂಡು, ಜೌಗು.
ವರ್ಲೀನ್ ಇಳಿದಳು. ಬೂಟು ಹೂತಿತು.

ಯಾಕೆ ಒಂದು ಶಿಲಿಂಗು, ಇಂದಿಗೂ ಗೊತ್ತಿಲ್ಲ.
ಆ ಕಾಲುದಾರಿಯನ್ನು ಸವೆಸಿದ್ದು ಯಾರ ಕಾಲು,
ಯಾವ ಕಡೆಯಿಂದ, ಯಾವ ಹೊತ್ತಿನಲ್ಲಿ,
ಅದನ್ನು ಪತ್ರ ಬರೆಯುವುದಿಲ್ಲ.
ನಾನು ಮೂಲೆಯಲ್ಲಿ ನಿಂತೆ, ಅವಳು ನೀರಿನಲ್ಲಿ.
ಸರಪಳಿಯ ಒಂದು ತುದಿ ಅವಳ ಕೈಗೆ ಕೊಟ್ಟೆ.

"ಎಷ್ಟು ಬಂತು?"
ಹದಿನೇಳಕ್ಕೆ ಸ್ವಲ್ಪ ಕಡಿಮೆ.
"ಸ್ವಲ್ಪ ಅಂದರೆ?"
ಮತ್ತೆ ಅಳೆದೆವು.