ಕವಲು

ಕಚೇರಿಯ ಬಾಗಿಲ ಮೇಲೆ
ಅದು ಎಷ್ಟು ವರ್ಷದಿಂದ ಒಂಟಿ ತಲೆಯಲ್ಲಿತ್ತೋ
ಯಾರಿಗೂ ಗೊತ್ತಿರಲಿಲ್ಲ.
ಕಂದಾಯ ಕಟ್ಟಲು ಬಂದವರು ಕತ್ತೆತ್ತುವುದಿಲ್ಲ,
ಕಟ್ಟಿಸಿಕೊಳ್ಳುವ ನಾವು ಮೊದಲೇ ಎತ್ತುವುದಿಲ್ಲ.
ಸುಣ್ಣ ಬಳಿಯಲು ಏಣಿ ಹತ್ತಿದ ಹುಡುಗ
ಮೇಲಿಂದ ಕೂಗಿದ:
"ಅಕ್ಕಾ, ಇದ್ಯಾವ ಕೋಳಿ?"

ಗಂಡಭೇರುಂಡ, ಎಂದೆ.
ಎರಡು ತಲೆ ಇರಬೇಕಲ್ಲ, ಎಂದ.
ಇರಬೇಕು.

ಗೆದ್ದಲು ತಿಂದಿತ್ತು.
ಮೂರನೇ ಕ್ಲಾಸಿನಲ್ಲಿ ಮೇಷ್ಟ್ರು ಹೇಳಿದ್ದರು,
ಕೊಕ್ಕಿನಲ್ಲೊಂದು ಆನೆ, ಉಗುರಿನಲ್ಲೊಂದು ಆನೆ
ಹೊತ್ತು ಹಾರುವ ಹಕ್ಕಿ, ಅಂಥ ಬಲ.
ಗೆದ್ದಲಿನ ಮಾತು ಅವರು ಎತ್ತಲಿಲ್ಲ.

ಹಳೆಯ ಮತದಾರರ ಪಟ್ಟಿಯಲ್ಲಿ ಸುತ್ತಿ
ಬಗಲಲ್ಲಿಟ್ಟುಕೊಂಡು ಹೋದೆ ಮಂಡಿ ಮೊಹಲ್ಲಾಕ್ಕೆ.
ದಸ್ತಗೀರ್ ಸಾಹೇಬರ ಕಾರ್ಖಾನೆ ಅಂದರೆ
ಒಂದು ಕಿಟಕಿ, ನಾಲ್ಕು ಗರಗಸ, ಅವರು, ಅವರ ಮೊಮ್ಮಗಳು,
ಮತ್ತೆ ಬೀಟೆ ಹುಡಿಯ ಆ ಸಿಹಿ ಒಗರು ವಾಸನೆ,
ಸೀರೆಗೆ ಹತ್ತಿದರೆ ಎರಡು ಒಗೆತಕ್ಕೂ ಹೋಗದ್ದು.

ಪಟ್ಟಿ ಬಿಚ್ಚಿದರು. ಬೆರಳಿನಿಂದ ಮುಟ್ಟಿ ಓದಿದರು:
ಮೈ ಬೀಟೆ. ರೆಕ್ಕೆಯ ಹಳದಿ ಹಲಸು. ಕಣ್ಣು ಕರಿಮರ.
ಕೊಕ್ಕಿನ ಬಿಳುಪು ದಂತವಲ್ಲ, ಮೂಳೆ.
"ಸರ್ಕಾರಿ ಕೆಲಸ ಆಗಲೂ ಹೀಗೇ ಇತ್ತು,
ನೋಡಿ ತಾಯಿ," ನಕ್ಕರು.

ಬಣ್ಣ ಬಳಿದದ್ದಲ್ಲ ಅದು. ಒಂದೊಂದು ಬಣ್ಣವೂ
ಒಂದೊಂದು ಮರ.
ಬಾವುಟ ಹಾಗಲ್ಲ.
ನಮ್ಮ ಕಚೇರಿ ನೆತ್ತಿಯ ಮೇಲಿನದು
ಹತ್ತು ಬಿಸಿಲಿಗೆ ಹತ್ತು ಮಳೆಗೆ
ಬೀಟ್‌ರೂಟ್ ತೊಳೆದ ನೀರಾಗಿದೆ;
ಮೊದಲು ಯಾವ ಬಣ್ಣವಿತ್ತೆಂದು
ಟೆಂಡರಿನ ಕಡತ ತೆಗೆದು ನೋಡಬೇಕು.

"ಹೋದ ತಲೆ ಹೇಗೆ ತಿರುಗಿತ್ತು?"
ಹೊರಗೆ, ಎಂದೆ. ಎರಡೂ ಹೊರಗೇ ತಾನೇ?
ದಸರಾ ಭಾಷಣಗಳಲ್ಲಿ ಕೇಳಿದ್ದೆಲ್ಲ ಒಪ್ಪಿಸಿದೆ:
ಒಂದು ನಿನ್ನೆಗೆ, ಒಂದು ನಾಳೆಗೆ,
ಒಂದು ಕತ್ತಿಗೆ, ಒಂದು ವೀಣೆಗೆ.
ಅವರು ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದರು.
"ಅದು ದಿಕ್ಕಾಯಿತು. ನಾನು ಕೇಳಿದ್ದು ಕತ್ತಿನ ಬಾಗು.
ಸಿಟ್ಟಾಗಿ ಮುಖ ತಿರುಗಿಸಿದ್ದೋ,
ಕಾವಲಿಗೆ ತಿರುಗಿದ್ದೋ?
ಗರಗಸಕ್ಕೆ ಎರಡೂ ಬೇರೆ."

ಹನ್ನೊಂದು ವರ್ಷ ಅದರ ಕೆಳಗೇ ನುಸುಳಿ
ರಸೀದಿ ಹರಿದವಳು ನಾನು. ಗೊತ್ತಿರಲಿಲ್ಲ.
ಅಜ್ಜಿ ಹೇಳುತ್ತಿದ್ದಳು,
ಒಂದೇ ಹೊಟ್ಟೆಗೆ ಎರಡು ಬಾಯಿ,
ಹಟಕ್ಕೆ ಬಿದ್ದು ಒಂದು ಬಾಯಿ ವಿಷದ ಹಣ್ಣು ನುಂಗಿತಂತೆ.
ಆಮೇಲೆ?
ಆಮೇಲೇನು, ಮಲಗು.

ಅಷ್ಟು ಹೊತ್ತೂ ಮಾತಾಡದ ಮೊಮ್ಮಗಳು ಬದರುನ್ನಿಸಾ
ಹಲಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು.
"ಬೀಟೆಯನ್ನ ಗೆದ್ದಲು ತಿನ್ನಲ್ಲ ದಾದಾ.
ತಿಂದಿರೋದು ಯಾರೋ ಆಮೇಲೆ ಅಂಟಿಸಿದ ಹಗುರ ಮರದ ತಲೆ.
ಇಲ್ನೋಡಿ, ಎದೆಯಿಂದ ಎದ್ದ ನಾರು
ಇಲ್ಲಿ ಬಂದು ಎರಡಾಗುತ್ತೆ.
ಮೊದಲು ಮಾಡಿದವನು ಕವಲು ಹುಡುಕಿದ್ದಾನೆ,
ಕೊಂಬೆ ಒಡೆಯುವ ಜಾಗ.
ಹಕ್ಕಿಯನ್ನ ಅವನು ಕೆತ್ತಲೇ ಇಲ್ಲ,
ಮರ ತಿರುಗಿದ ಹಾಗೆ ತಿರುಗಿಸಿದ್ದಾನೆ."

ಮೂವರೂ ಸ್ವಲ್ಪ ಹೊತ್ತು ಸುಮ್ಮನೆ ನೋಡಿದೆವು
ಆ ಮೋಟು ಕತ್ತನ್ನು.
ಸಿಟ್ಟಲ್ಲ. ಕಾವಲೂ ಅಲ್ಲವೇನೋ.

"ಗೋಂದಿನ ತಲೆ ಬೇಡ ತಾಯಿ, ಕವಲೇ ಬೇಕು.
ಡಿಪೋದವರಿಗೆ ಹೇಳಿಡ್ತೀನಿ. ಸಿಕ್ಕಾಗ ಸಿಕ್ಕಿತು."
ಎಷ್ಟಾಗುತ್ತೆ, ಎಂದೆ.
ಅದಕ್ಕೂ ಅವರು ಕಾಲದ ಲೆಕ್ಕವನ್ನೇ ಹೇಳಿದರು.

ಕಡತದಲ್ಲಿ ಬರೆದೆ: ವಿಳಂಬಕ್ಕೆ ಕಾರಣ,
ಕವಲಿರುವ ಮರ ದೊರೆತಿಲ್ಲ.
ಸಾಹೇಬರು ಅದರ ಪಕ್ಕ
ಕೆಂಪು ಪೆನ್ನಿನಲ್ಲಿ ಒಂದು ಪ್ರಶ್ನೆಚಿಹ್ನೆ ಹಾಕಿದ್ದಾರೆ,
ಅದೂ ಒಂದು ಬಾಗಿದ ಕತ್ತು.

ಸುಣ್ಣದ ಹುಡುಗ ಬಾಗಿಲ ಮೇಲೆ
ಆ ಮೊಳದಗಲ ಜಾಗ ಬಿಟ್ಟು ಬಳಿದಿದ್ದಾನೆ.
ಬಿಳಿ ಗೋಡೆಯಲ್ಲೊಂದು ಹಳೆಯ ಗಾರೆಯ ಚೌಕ.
ಈಗ ಸಾಲಿನಲ್ಲಿ ನಿಂತವರು
ಕತ್ತೆತ್ತಿ, ಕತ್ತು ಓರೆ ಮಾಡಿ,
ಒಬ್ಬರು ಈ ಕಡೆಗೆ ಒಬ್ಬರು ಆ ಕಡೆಗೆ,
ಕೇಳುತ್ತಾರೆ: ಅಲ್ಲೇನಿತ್ತು ಮೇಡಂ?

ಬರುತ್ತೆ, ಅನ್ನುತ್ತೇನೆ.
ಮನೆ ನಂಬರ್ ಹೇಳಿ.