ಇಳಿಜಾರಿಗೆ ಸೈಕಲ್ಲು

ಇದಿನಬ್ಬಾಕ ಎರಡು ಸೈಕಲ್ಲು ಹೊರಗೆ ತಂದು
ನಮ್ಮ ಮೊಣಕಾಲು ನೋಡಿ ಸೀಟು ಇಳಿಸಿದರು.
‘ಏರು ಬಂದರೆ ಇಳಿದು ನಡೆಯಿರಿ ಮಾರಾಯ್ರೆ,
ಈ ಊರು ಸೈಕಲ್ಲಿಗೆ ಕಟ್ಟಿದ್ದಲ್ಲ.’

ನನಗೆ ಅರವತ್ತೇಳು. ಓಕ್ಸುನ್‌ಗೆ ಇನ್ನೆರಡು ಹೆಚ್ಚು.
ಅಳಿಯ ಪಣಂಬೂರಿನಲ್ಲಿ ಹಡಗಿನ ಎಂಜಿನು ನೋಡುವವನು,
ಮಗಳ ಬಾಣಂತನಕ್ಕೆ ಬಂದವಳು.
ಅವಳ ಊರು ಗ್ಯೊಂಗ್ಜು. ಅಲ್ಲಿ ಹಳೆಯ ರಾಜರು
ಹುಲ್ಲಿನ ಗುಡ್ಡಗಳಾಗಿ ಪೇಟೆ ನಡುವೆಯೇ ಮಲಗಿದ್ದಾರಂತೆ;
ಶಾಲೆಗೆ ಹೋಗುವಾಗ ಅವರನ್ನು ಸುತ್ತಿಕೊಂಡೇ
ಪೆಡಲು ತುಳಿಯುತ್ತಿದ್ದಳಂತೆ.
ಇಷ್ಟು ಹೇಳಲು ಅವಳಿಗೆ ಹದಿನೈದು ಇಂಗ್ಲಿಷ್ ಶಬ್ದ,
ನನ್ನ ಮೇಜಿನ ಮೇಲೆ ಗುಪ್ಪೆ ಹಾಕಿದ
ಎರಡು ಮುಷ್ಟಿ ಕುಚ್ಚಲಕ್ಕಿ ಸಾಕಾಯಿತು.

‘ನಿಮ್ಮ ಹಳೆಯವರು ಎಲ್ಲಿ?’
ನಾನು ಕಿವಿ ತೋರಿಸಿದೆ.

ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜು.
ಈ ಊರು ನನಗೆ ಎಡಗಿವಿಯಿಂದ ಗೊತ್ತು:
ಬಂದರಿನ ಮೆಣಸು, ಹಂಚು, ಒಣಮೀನು, ಗೇರುಬೀಜ
ಎಲ್ಲವೂ ಅಂಕಿಗಳು.
ಯಾವ ನಂಬರಿಗೆ ಕೆಮ್ಮು, ಯಾವುದಕ್ಕೆ ಸಾಲ,
ಯಾವುದರ ಹಿಂದೆ ಗೋಡೆ ಗಡಿಯಾರ ಹತ್ತು ನಿಮಿಷ ಮುಂದೆ.
ಬಾಗಿಲು ಮಾತ್ರ ಒಂದನ್ನೂ ನೋಡಿದವಳಲ್ಲ.
ಬಸ್ಸು, ಡ್ಯೂಟಿ, ಬಸ್ಸು, ಮನೆ.

ಹಂಪನಕಟ್ಟೆಯಿಂದ ಕೆಳಗೆ
ಊರೇ ನಮ್ಮನ್ನು ಕೊಡಪಾನದ ನೀರಿನ ಹಾಗೆ ಸುರಿಯಿತು.
ಬ್ರೇಕು ಕಿರುಚಿತು, ನಾನೂ ಕಿರುಚಿದೆ,
ಸಿಟಿ ಬಸ್ಸಿನ ಕಂಡಕ್ಟರ್ ‘ಅಜ್ಜೀ!’ ಎಂದು ಸೀಟಿ ಊದಿದ.
ಓಕ್ಸುನ್ ಟೋಪಿ ಹಾರಿ ಚರಂಡಿಗೆ ಬಿತ್ತು;
ಅವಳು ತಿರುಗಿಯೂ ನೋಡಲಿಲ್ಲ.

ದಕ್ಕೆಯಲ್ಲಿ ಬೂತಾಯಿ ನೀರಿನ ಮೇಲೆ ಜಾರದ ಹಾಗೆ ನಡೆದೆವು.
ಕಂಡತ್ತಪಳ್ಳಿಯ ಓಣಿಯಲ್ಲಿ ಹ್ಯಾಂಡಲು ಗೋಡೆಗೆ ಉಜ್ಜಿತು,
ಯಾರದೋ ಒಲೆಯಿಂದ ಕಲ್ತಪ್ಪದ ಪರಿಮಳ.
ಕುದ್ರೋಳಿ, ಬೊಕ್ಕಪಟ್ಣ, ಬೋಳೂರು.
ಹೊಳೆ ಬದಿಯ ಕೆಸರಿನಿಂದ ಅವಳೊಂದು ಹಂಚಿನ ಚೂರು ಎತ್ತಿದಳು,
ಅರ್ಧ ನಕ್ಷತ್ರ ಒತ್ತಿದ್ದು.
ಬೆರಳ ಗೆಣ್ಣಿನಿಂದ ಬಡಿದಳು. ಕಿವಿಗೆ ಹಿಡಿದಳು.
ನನ್ನ ಕಿವಿಗೂ ಹಿಡಿದಳು: ಣಣ್.
‘ಅಪ್ಪ, ಮಾಡು ಹೊದೆಸುವವನು. ಹೀಗೆ ಕೇಳುತ್ತಿದ್ದ.
ಚೆನ್ನಾಗಿ ಬೆಂದಿದೆ.’
ಅವಳ ಊರಿನಲ್ಲೊಂದು ಮುಖದ ಹಂಚು ಉಂಟಂತೆ,
ಗಲ್ಲದ ಒಂದು ಬದಿ ಒಡೆದಿದೆ, ನಗು ಹೋಗಿಲ್ಲ.
ತೋರಿಸಲೆಂದು ಅವಳೇ ನಕ್ಕಳು,
ಅಂಗೈಯಿಂದ ಅರ್ಧ ಮುಖ ಮುಚ್ಚಿಕೊಂಡು.

ಸುಲ್ತಾನ್ ಬತ್ತೇರಿಯ ನೆರಳಲ್ಲಿ ಬೊಂಡ ಕುಡಿದೆವು.
ದೋಣಿಯವನು ಸೈಕಲ್ಲಿಗೂ ಟಿಕೇಟು ಕೇಳಿದ,
ತಣ್ಣೀರುಬಾವಿ ಇನ್ನೊಂದು ದಿನ ಎಂದೆವು.

ವಾಪಸು ಬರುವಾಗ, ಬಂದರಿನ ಹಿಂದಿನ ಬೀದಿಯಲ್ಲಿ,
ಬಾಗಿಲ ಮೇಲೆ ಮಾಸಿದ ಬಿಳಿ ಬಣ್ಣ: ಫೋನ್ ೩೪೭.

ಶುಕ್ರವಾರ ರಾತ್ರಿ ಒಂಬತ್ತೂವರೆಗೆ ಕೊಲಂಬೊ ಟ್ರಂಕು.
‘ಲೈನು ಸಿಗುತ್ತದಾ ಅಕ್ಕ?’
ಸಿಕ್ಕಿದರೆ ಆ ಮನುಷ್ಯ ಮಾತೇ ಆಡುತ್ತಿರಲಿಲ್ಲ.
ಆಚೆ ಕಡೆಯೂ ಇಲ್ಲ. ಉಸಿರು,
ನಡುವೆ ಸಮುದ್ರದ ಗುರಗುರ.
ಮೂರು ನಿಮಿಷಕ್ಕೆ ನಾನು ಕಡಿಯುತ್ತಿದ್ದೆ, ಬಿಲ್ಲು ಬರೆಯುತ್ತಿದ್ದೆ.
ಕೇಳಬಾರದಿತ್ತು. ಕೇಳಿದೆ. ಏಳು ವರ್ಷ.

ಗೋಡೆಯಲ್ಲಿ ಗೋಳಿ ಸಸಿ. ತುಕ್ಕು ಬೀಗ.
ಮೆಟ್ಟಿಲಲ್ಲಿ ಆಡೊಂದು ಮಲಗಿದೆ.
ಇದನ್ನು ಹೇಳಲು ಹದಿನೈದು ಶಬ್ದ ಸಾಲದು,
ಅಕ್ಕಿಯೂ ಇಲ್ಲ.
ಓಕ್ಸುನ್ ನನ್ನನ್ನು ನೋಡಿದಳು, ಬಾಗಿಲು ನೋಡಿದಳು,
ಸೈಕಲ್ಲಿನ ಬೆಲ್ಲು ಒತ್ತಿದಳು
ಒಮ್ಮೆ, ಉದ್ದಕ್ಕೆ.
ಆಡು ಕಣ್ಣು ಬಿಟ್ಟಿತು.

ಆಮೇಲೆ ಏರು. ಹಟದ ದನ ಎಳೆದ ಹಾಗೆ ಸೈಕಲ್ಲು ಎಳೆಯುತ್ತಾ
ನಾನು ಅವಳಿಗೆ ಕಲಿಸಿದೆ: ಮೂರು, ನಾಲ್ಕು, ಏಳು.
ಅವಳು ನನಗೆ: ಸೇತ್, ನೇತ್, ಇಲ್‌ಗೊಪ್.
ಏದುಸಿರಿಗೆ ಯಾರ ಅಂಕಿ ಯಾರ ಬಾಯಲ್ಲಿ ಗೊತ್ತಾಗಲಿಲ್ಲ.
ಇದಿನಬ್ಬಾಕ ಟಯರು ಹಿಚುಕಿ,
‘ಎಲ್ಲಿಗೆ ಹೋದದ್ದು ಇಷ್ಟು ಹೊತ್ತು?’ ಎಂದರು.
ಒಂದು ಫೋನು ಮಾಡಲಿಕ್ಕಿತ್ತು ಎಂದೆ.