ಹೊಸ ಡಬ್ಬಿ

ಗಾದಿಲಿಂಗನ ಅಳಿಯ ಹೊಸ ಡಬ್ಬಿ ತಂದ.
ಮೇಲೆ ಮಿರುಗುವ ಹಾಳೆ, ಒಳಗೆ ಹೊಸ ವ್ಯಾಪಾರದಾಟ.
"ಹಳೇದು ಎಸೀರಿ ಮಾವ, ಇದು ಈ ವರ್ಷದ್ದು" ಅಂದ.
ಓವರ್‌ಲಾಕ್ ಮಷೀನಿನ ಮೇಲಿಟ್ಟು
ನಾವು ಮೂವರೂ ಅದನ್ನು ನೋಡಿದೆವು,
ಬಾಗಿಲಲ್ಲಿ ಬಿಟ್ಟ ಬೀಗರ ಚಪ್ಪಲಿ ನೋಡುವ ಹಾಗೆ.

ಕೌಲ್ ಬಜಾರಿನ ಈ ಶೆಡ್ಡಿನಲ್ಲಿ
ಭಾನುವಾರ ಜೀನ್ಸ್ ಹೊಲಿಯುವುದಿಲ್ಲ.
ಮೇಲೆ ತಗಡು ಕಾದು ಟಿಕ್ ಟಿಕ್ ಅನ್ನುತ್ತದೆ,
ಕಟಿಂಗ್ ಮೇಜಿನ ಮೇಲೆ ಹಳೇ ಆಟ ಹಾಸುತ್ತೇವೆ.
ಹಾಸುವುದೇ. ಅದೀಗ ಹಲಗೆಯಲ್ಲ:
ಮಡಿಕೆಯಲ್ಲಿ ರಟ್ಟು ಹರಿದ ವರ್ಷ
ದಾದಾಪೀರ್ ಅದನ್ನು ಡೆನಿಮ್ಮಿನ ತುಂಡಿಗೆ ಅಂಟಿಸಿ
ಸುತ್ತ ಕಿತ್ತಳೆ ದಾರದ ಜೋಡಿ ಹೊಲಿಗೆ ಹಾಕಿದ,
ಪ್ಯಾಂಟಿನ ಜೇಬಿಗೆ ಹಾಕುವಂಥದೇ.

ನೋಟುಗಳೆಲ್ಲ ನೀಲಿ.
ಹತ್ತು ಹಳದಿಯಿತ್ತು, ಐನೂರು ಗುಲಾಬಿ.
ನಮ್ಮ ಬೆರಳು ಬಣ್ಣ ಬಿಡುತ್ತಾ ಬಿಡುತ್ತಾ
ಎಲ್ಲ ಒಂದೇ ಮುಗಿಲಾಯಿತು.
ಐನೂರಕ್ಕೆ ಮೂಲೆ ಮಡಚಿದೆ, ನೂರಕ್ಕಿಲ್ಲ.
ಹೊಸಬರು ಬಂದರೆ ಮೋಸ ಹೋಗುತ್ತಾರೆ.
ಹೊಸಬರು ಬರುವುದಿಲ್ಲ.

ಅಳಿಯ ನಿಯಮದ ಪುಸ್ತಕ ಓದಿದ, ಹದಿನಾರು ಪುಟ.
ನೋಟಿಲ್ಲ, ಒಂದು ಕಾರ್ಡು, ಅಂಗೈಯಗಲದ ಮಷೀನು,
ಉಜ್ಜಿದರೆ ಕೀಂ ಅಂದು ಲೆಕ್ಕ ತೋರಿಸುತ್ತದೆ.
"ಜೈಲಿಗೆ ಬಿದ್ದೋನು?" ಕೇಳಿದ ಎರ್ರಿತಾತ.
"ಒಂದು ಸರದಿ ಬಿಡಬೇಕು."
"ಅಷ್ಟೇಯ? ಮಿರ್ಚಿ ಯಾರು ತರ್ತಾರೆ ಹಂಗಾರೆ?"

ನಮ್ಮಲ್ಲಿ ಜೈಲಿಗೆ ಬಿದ್ದವನು
ಬಜಾರಿನ ತುದಿಯ ತನಕ ಬಿಸಿಲಲ್ಲಿ ನಡೆದು
ಎಲ್ಲರಿಗೂ ಮಂಡಕ್ಕಿ ಒಗ್ಗರಣೆ, ಮಿರ್ಚಿ ತರಬೇಕು.
ತಣ್ಣಗೆ ತಂದರೆ ಮತ್ತೆ ಜೈಲು.

ಬದಲಾವಣೆ ಒಲ್ಲೆವೆಂದಲ್ಲ.
ಶಿಮ್ಲಾ ಅಂತ ಒಂದು ಮನೆಯಿತ್ತು, ಹಿಮ ಕಂಡವರು ನಮ್ಮಲ್ಲಿಲ್ಲ.
ಒಂದು ಮೇ ತಿಂಗಳು ಎರ್ರಿತಾತ ಅದರ ಮೇಲೆ
ಮಾರ್ಕು ಹಾಕುವ ಸೀಮೆಸುಣ್ಣದಲ್ಲಿ ಬಳ್ಳಾರಿ ಎಂದು ಬರೆದ.
ಬೆಲೆ: ಅವತ್ತು ಎಲ್ಲರೂ ಒಪ್ಪಿದಷ್ಟು.
ಯಾವತ್ತೂ ಒಪ್ಪಲಿಲ್ಲ.
ಸುಣ್ಣ ಅಳಿಸುತ್ತಿತ್ತು, ಪ್ರತಿ ವಾರ ಬರೆಯುತ್ತಿದ್ದೆವು,
ಪ್ರತಿ ವಾರ ಹೊಸ ಜಗಳ, ಹೊಸ ನಿಯಮ.
ಹಾಗೆ ನೋಡಿದರೆ ನಮ್ಮದೇ
ಬಲು ಹೊಸ ಆಟ, ಆದರೆ ನಮ್ಮನ್ನು ಕೇಳಿ ಹೊಸದಾದದ್ದು.

"ಇಲ್ನೋಡ್ರಿ, ಇದರಾಗೆ ಬಳ್ಳಾರಿನೇ ಐತೆ!"
ಹೌದು, ಇತ್ತು. ಅಚ್ಚಾಗಿತ್ತು.
ಉಗುರಿನಷ್ಟು ಗುಡ್ಡದ ಚಿತ್ರ, ಬೆಲೆ ಎರಡು ಕೋಟಿ.
ಗಾದಿಲಿಂಗ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದ.
"ಗುಡ್ಡ ಹಿಂಗಿಲ್ಲ" ಅಂದ.
ಗುಡ್ಡ ಇರುವುದು ಹಾಗೆಯೇ. ನಾನು ಸುಮ್ಮನಿದ್ದೆ.

ಅಳಿಯನ ಮುಖ ನೋಡಲಾರದೆ ಒಂದಾಟ ಆಡಿದೆವು.
ಮುಕ್ಕಾಲು ತಾಸಿಗೆ ಮುಗಿಯಿತು.
ಯಾರೂ ಬೈಯಲಿಲ್ಲ, ಗೆದ್ದದ್ದು ಯಾರೆಂದು ಮಷೀನೇ ಹೇಳಿತು.
ಗೆದ್ದವಳು ನಾನು.
ಕೈಯಲ್ಲಿ ಏನೂ ಇರಲಿಲ್ಲ.

ಹಳೇ ಡಬ್ಬಿಯ ತಳದಲ್ಲೊಂದು ಚೀಟಿಯಿದೆ,
ಮೂವತ್ತೆರಡರ ಸೈಜಿನ ಲೇಬಲ್ಲು, ಅದರ ಬೆನ್ನಿಗೆ:
'ಹೊನ್ನೂರಿಗೆ ನಾನೂರು ಕೊಡೋದೈತೆ. ಮುಂದಿನ ವಾರ. ದಾದಾಪೀರ್.'
ಆ ವಾರ ಹೋಗಿ ಎರಡು ರಂಜಾನ್ ಆದವು.
ಅವನ ಕಾಯಿ, ಆ ಹಿತ್ತಾಳೆ ಗುಂಡಿ,
ಶುರುವಿನ ಮನೆಯಲ್ಲಿ ಈಗಲೂ ಇಡುತ್ತೇವೆ,
ಅವನ ಸರದಿ ಬಂದಾಗ ಒಂದು ಉಸಿರು ನಿಂತು ದಾಟುತ್ತೇವೆ.

"ಈ ಮಷೀನು ಸಾಲ ಇಟ್ಕೊಳ್ತದಾ?" ಕೇಳಿದೆ.
"ಸೊನ್ನೆ ಆದ್ರೆ ಔಟ್ ಅತ್ತೆ. ಹೆಸರೇ ತೆಗೀತದೆ."

ಡಬ್ಬಿ ಗಟ್ಟಿಯಾಗಿದೆ ಅಂತ ಮೂವರೂ ಹೊಗಳಿದೆವು.
ಬಾಬಿನ್ ಇಡಲು ಸರಿಹೋಗುತ್ತದೆ.
ಆಮೇಲೆ ಡೆನಿಮ್ಮು ಹಾಸಿ ಅಳಿಯನನ್ನೂ ಕೂರಿಸಿಕೊಂಡೆವು.
ಐನೂರು ಕೊಟ್ಟು ನೂರೆಂದುಕೊಂಡ, ಎರಡು ಸಲ.
ಮೂರನೇ ಸುತ್ತಿಗೆ ಜೈಲು.
ಈಗ ಚಪ್ಪಲಿ ಹುಡುಕುತ್ತಿದ್ದಾನೆ.
ಬಿಸಿ ಇರಬೇಕು ಮತ್ತೆ, ಅಂತ
ಬಾಗಿಲ ತನಕ ಹೋಗಿ ಕೂಗಿದ ಎರ್ರಿತಾತ.